ಕಾಲಿನ ಉಬ್ಬಿದ ನಾಳ ಮರುಕಳಿಸಿದರೆ: ಲೇಸರೋ, ರೇಡಿಯೋ ತರಂಗವೋ?



ಶಿಕ್ಷಕರು, ಅಡುಗೆಯವರು, ಬಸ್ ಕಂಡಕ್ಟರುಗಳು ದಿನವಿಡೀ ನಿಂತು ದುಡಿಯುವವರು. ಇಂಥವರಲ್ಲಿ ಹಲವರ ಕಾಲಿನಲ್ಲಿ ನೀಲಿ ಗಂಟುಗಳು ಏಳುತ್ತವೆ. 'ನರ ಉಬ್ಬಿದೆ' ಎನ್ನುತ್ತೇವೆ. ಅದು ನರವಲ್ಲ, ಅಭಿಧಮನಿ. ವೈದ್ಯರು ಹೇಳುವ ವೆರಿಕೋಸ್ ವೇನ್. ಆಪರೇಷನ್ ಆಗಿ ಕೆಲವು ವರ್ಷಗಳ ಮೇಲೆ ಅದೇ ಕಾಲಿನಲ್ಲಿ ಮತ್ತೆ ಕಾಣಿಸಿಕೊಂಡರೆ, "ದುಡ್ಡು ಹೋಯಿತು, ರೋಗ ಹೋಗಲಿಲ್ಲ" ಎಂದು ಆಸ್ಪತ್ರೆಯನ್ನೇ ಬಿಡುವವರುಂಟು. ಹಾಗೆ ಬಿಟ್ಟ ಕೆಲವರಿಗೆ ಕಣಕಾಲಿನ ಬಳಿ ಚರ್ಮ ಕಪ್ಪಾಗಿ, ಬೇಗ ಮಾಯದ ಹುಣ್ಣಾಗುತ್ತದೆ. ಆದ್ದರಿಂದ ಈ ನಾಲ್ಕು ಮಾತು.

ಕಾಲಿನ ರಕ್ತ ಮೇಲೇರಿ ಹೃದಯಕ್ಕೆ ಹೋಗಬೇಕು. ಅದು ಕೆಳಗೆ ಜಾರದಂತೆ ಅಭಿಧಮನಿಯೊಳಗೆ ಪುಟ್ಟ ಕವಾಟಗಳಿವೆ. ಕವಾಟ ಕೆಟ್ಟರೆ ರಕ್ತ ಹಿಂದಕ್ಕೆ ಹರಿದು ನಾಳ ಉಬ್ಬುತ್ತದೆ.

ಮತ್ತೆ ಬರುವುದೇಕೆ? ಕೆಟ್ಟ ನಾಳದ ಒಂದು ಭಾಗ ಉಳಿದಿರಬಹುದು. ತೊಡೆಸಂದಿನಲ್ಲಿ ಕೊಯ್ದ ಜಾಗದಲ್ಲಿ ಹೊಸ ನಾಳಗಳು ಚಿಗುರಿರಬಹುದು. ಬೇರೊಂದು ನಾಳದ ಕವಾಟ ಕೆಟ್ಟಿರಬಹುದು. ಯಾವುದೆಂದು ಡಾಪ್ಲರ್ ಸ್ಕ್ಯಾನಿನಿಂದ ತಿಳಿಯುತ್ತದೆ. ಸ್ಕ್ಯಾನ್ ಇಲ್ಲದೆ ಚಿಕಿತ್ಸೆಗೆ ಒಪ್ಪಬೇಡಿ.

ಹಳೆಯ ಗಾಯದ ಮೇಲೆ ಮತ್ತೆ ಕೊಯ್ಯುವುದು ಕಷ್ಟ. ಸೋಂಕಿನ ಭಯವೂ ಇದೆ. ಶಾಖ ಚಿಕಿತ್ಸೆಯ ಅನುಕೂಲ ಇಲ್ಲೇ. ಸ್ಕ್ಯಾನ್ ನೋಡುತ್ತಾ ಸೂಜಿಯ ರಂಧ್ರದಿಂದ ತೆಳುವಾದ ಕೊಳವೆಯನ್ನು ನಾಳದೊಳಗೆ ಸೇರಿಸುತ್ತಾರೆ. ಸುತ್ತ ಅರಿವಳಿಕೆ ಬೆರೆತ ಸಲೈನ್ ತುಂಬುತ್ತಾರೆ. ಇದರಿಂದ ನೋವು ತಿಳಿಯದು, ಪಕ್ಕದ ನರ ಮತ್ತು ಚರ್ಮಕ್ಕೂ ರಕ್ಷಣೆ. ಬಳಿಕ ಶಾಖ ಕೊಟ್ಟು ನಾಳವನ್ನು ಒಳಗಿನಿಂದಲೇ ಮುಚ್ಚುತ್ತಾರೆ. ಸಾಮಾನ್ಯವಾಗಿ ರೋಗಿ ಅದೇ ದಿನ ನಡೆದು ಮನೆಗೆ ಹೋಗಬಹುದು.

ಈ ಶಾಖದಲ್ಲಿ ಮುಖ್ಯವಾಗಿ ಎರಡು ಬಗೆ. ರೇಡಿಯೋ ತರಂಗದ ವಿಧಾನದಲ್ಲಿ, ಹೆಚ್ಚು ಬಳಕೆಯಲ್ಲಿರುವ ಸಾಧನವು 7 ಸೆಂ.ಮೀ. ಉದ್ದದ ಭಾಗವನ್ನು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ಸೆಕೆಂಡು ಕಾಯಿಸುತ್ತದೆ. ಲೇಸರ್‌ನಲ್ಲಿ ಬೆಳಕಿನ ಎಳೆಯನ್ನು ಹಿಂದಕ್ಕೆ ಎಳೆಯುತ್ತಾ ಸುಡುತ್ತಾರೆ. ಅದರ ತುದಿಯಲ್ಲಿ ಶಾಖ ಬಹಳ ಹೆಚ್ಚು. ಡೆನ್ಮಾರ್ಕಿನಲ್ಲಿ 500 ರೋಗಿಗಳ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ನಾಳ ಮುಚ್ಚುವುದರಲ್ಲಿ ಇವೆರಡೂ ಸರಿಸಮವಾಗಿದ್ದವು. ನೋವು ಮಾತ್ರ ರೇಡಿಯೋ ತರಂಗದಲ್ಲಿ ಕಡಿಮೆ, ಕೆಲಸಕ್ಕೆ ಮರಳುವುದೂ ಬೇಗ. ಆಮೇಲೆ ಬಂದ 1470 ನ್ಯಾನೋಮೀಟರ್ ತರಂಗದ, ಸುತ್ತಲೂ ಬೆಳಕು ಹರಡುವ ಎಳೆಗಳಿಂದ ಲೇಸರಿನ ನೋವೂ ಇಳಿದಿದೆ. ಹೀಗಾಗಿ 'ಲೇಸರ್' ಎಂಬ ಬೋರ್ಡು ನೋಡಿ ಮರುಳಾಗಬೇಕಿಲ್ಲ. ಮಾಡುವವರ ಅನುಭವ ನೋಡಿ.

ಇನ್ನೊಂದು ಮುಖ್ಯ ಮಾತು. ಕೊಳವೆ ಹೋಗಬೇಕಾದರೆ ನಾಳ ಸಾಕಷ್ಟು ನೇರವಾಗಿರಬೇಕು. ಕೊಯ್ದ ಜಾಗದಲ್ಲಿ ಚಿಗುರಿದ ನಾಳಗಳು ಬಳ್ಳಿಯಂತೆ ಸುತ್ತಿಕೊಂಡಿರುತ್ತವೆ. ಅಲ್ಲಿ ಎರಡೂ ಶಾಖಗಳು ನಡೆಯವು. ಅಂಥಲ್ಲಿ ನೊರೆಯ ಔಷಧಿ ಚುಚ್ಚಿ ಮುಚ್ಚುತ್ತಾರೆ. ಇಂಗ್ಲೆಂಡಿನ ಆರೋಗ್ಯ ಸಂಸ್ಥೆ ನೈಸ್ 2013ರಲ್ಲಿ ಹೇಳಿದ ಕ್ರಮವೂ ಹೀಗೆಯೇ: ಮೊದಲು ಶಾಖ, ಅದು ಹೊಂದದಿದ್ದರೆ ನೊರೆ, ಅದೂ ಆಗದಿದ್ದರೆ ಶಸ್ತ್ರಚಿಕಿತ್ಸೆ.

ಶಾಖದಲ್ಲೂ ಅಪಾಯ ಇಲ್ಲವೆಂದಲ್ಲ. ಕೆಲವರಿಗೆ ಜೋಮು ಹಿಡಿಯಬಹುದು. ಅಪರೂಪಕ್ಕೆ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಮೀನಖಂಡ ಇದ್ದಕ್ಕಿದ್ದಂತೆ ಬಾತು ನೋವಾದರೆ ತಡಮಾಡಬೇಡಿ.

ವೈದ್ಯರ ಬಳಿ ಹೋದಾಗ ಮೂರು ಪ್ರಶ್ನೆ ಕೇಳಿ: ನನ್ನ ಕಾಲಿನಲ್ಲಿ ಮರುಕಳಿಸಲು ಕಾರಣವೇನು? ಈ ನಾಳ ಶಾಖಕ್ಕೆ ತಕ್ಕಷ್ಟು ನೇರವಾಗಿದೆಯೇ? ಆಮೇಲೆ ಸ್ಕ್ಯಾನ್ ಯಾವಾಗ? ಹಳೆಯ ಆಪರೇಷನ್ನಿನ ಚೀಟಿಯನ್ನೂ ಒಯ್ಯಿರಿ. ವಿದ್ಯಾರ್ಥಿಗಳೇ, ಮನೆಯಲ್ಲಿ ಹಿರಿಯರು ಕಾಲುನೋವನ್ನು ಮುಚ್ಚಿಟ್ಟಿದ್ದರೆ ಈ ಪ್ರಶ್ನೆಗಳನ್ನು ಬರೆದುಕೊಂಡು ಅವರೊಡನೆ ನೀವೇ ಹೋಗಿರಿ.