ಚುಕ್ಕೆ ಬೀಳದ ಊರುಗಳು



ಅಧ್ಯಕ್ಷ ಭಾಷಣದಲ್ಲಿ ವಿಪತ್ತು ಮಾಹಿತಿಯ ಇಡೀ ಕ್ಷೇತ್ರದ ಸಮೀಕ್ಷೆ ಇರಬೇಕೆಂಬ ರೂಢಿಯಿದೆ. ಅದನ್ನು ಬದಿಗಿಟ್ಟು, ಹೆಚ್ಚಾಗಿ ಒಂದೇ ದುರಂತದ ಬಗ್ಗೆ ಮಾತಾಡುತ್ತೇನೆ.

2010ರ ಜನವರಿ 12ರ ಸಂಜೆ, ಐದಕ್ಕೆ ಏಳು ನಿಮಿಷ ಬಾಕಿಯಿದ್ದಾಗ, ಹೈಟಿಯಲ್ಲಿ 7.0 ತೀವ್ರತೆಯ ಭೂಕಂಪವಾಯಿತು. ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನಲ್ಲಿ ಅಧ್ಯಕ್ಷರ ಅರಮನೆ ಕುಸಿಯಿತು, ಸಚಿವಾಲಯಗಳು ಕುಸಿದವು. ವಿಶ್ವಸಂಸ್ಥೆಯ ಶಾಂತಿಪಾಲನಾ ಕಚೇರಿಯೂ ಬಿದ್ದು, ಅದರ ಮುಖ್ಯಸ್ಥ ಹೇದಿ ಅನ್ನಾಬಿ ಅಲ್ಲೇ ತೀರಿಕೊಂಡರು. ತೀರ್ಮಾನ ಮಾಡಬೇಕಾದವರಲ್ಲಿ ಎಷ್ಟೋ ಮಂದಿ ತಾವೇ ಅವಶೇಷಗಳಡಿ ಸಿಲುಕಿದ್ದರು.

ಮುಂದಿನದು ನಮ್ಮ ಕ್ಷೇತ್ರದ ದಂತಕಥೆ. ಮುಕ್ತ ನಕ್ಷೆ ಯೋಜನೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ನೂರಾರು ಸ್ವಯಂಸೇವಕರು ಉಪಗ್ರಹ ಚಿತ್ರಗಳ ಮೇಲೆ ಗೆರೆಯೆಳೆದು ಕೆಲವೇ ದಿನಗಳಲ್ಲಿ ರಾಜಧಾನಿಯ ಬೀದಿ ನಕ್ಷೆ ಸಿದ್ಧಮಾಡಿದರು. ಶೋಧ ತಂಡಗಳು ಅದನ್ನೇ ಜಿಪಿಎಸ್‌ಗೆ ತುಂಬಿಕೊಂಡು ಓಡಾಡಿದವು. 4636 ಸಂಖ್ಯೆಗೆ ಜನ ಪುಕ್ಕಟೆಯಾಗಿ ಎಸ್ಸೆಮ್ಮೆಸ್ ಕಳಿಸಬಹುದಿತ್ತು. ಬಂದದ್ದು ಬಹುಪಾಲು ಕ್ರಿಯೋಲ್ ಭಾಷೆಯಲ್ಲಿ. ಅಮೆರಿಕ, ಕೆನಡಾಗಳಲ್ಲಿ ನೆಲೆಸಿದ್ದ ಹೈಟಿಯವರು ಅದನ್ನು ಇಂಗ್ಲಿಷಿಗೆ ತಂದರು. ನಕ್ಷೆಯಲ್ಲಿ ಹೆಸರೇ ಇಲ್ಲದ ಗಲ್ಲಿಗಳನ್ನು ನೆನಪಿನಿಂದಲೇ ಹುಡುಕಿ ‘ಇದು ಇಂಥ ಕಡೆ’ ಎಂದು ಗುರುತು ಹಾಕಿದರು. ಕೀನ್ಯಾದಲ್ಲಿ 2008ರ ಆರಂಭದ ಚುನಾವಣೋತ್ತರ ಗಲಭೆಯ ನಡುವೆ ಹುಟ್ಟಿದ ಉಶಾಹಿದಿ ತಂತ್ರಾಂಶದಲ್ಲಿ ಆ ಸಂದೇಶಗಳು ನಕ್ಷೆಯ ಮೇಲಿನ ಚುಕ್ಕೆಗಳಾದವು. ಇಷ್ಟರಲ್ಲಿ ನನಗೆ ದೊಡ್ಡದಾಗಿ ಕಾಣುವುದು ಆ ವಲಸಿಗರ ನೆನಪು. ಅದನ್ನು ಯಾವ ಸರ್ವರಿನಲ್ಲೂ ಮೊದಲೇ ಕೂಡಿಟ್ಟಿರಲಿಲ್ಲ.

ದಂತಕಥೆ ಹೇಳುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಭೂಕಂಪದ ಕೇಂದ್ರಬಿಂದುವಿನ ಹತ್ತಿರವಿದ್ದದ್ದು ಲಿಯೋಗಾನ್ ಎಂಬ ಊರು. ಅಲ್ಲಿ ಶೇ. 80ರಿಂದ 90ರಷ್ಟು ಕಟ್ಟಡಗಳು ಹಾನಿಗೊಂಡಿದ್ದವೆಂದು ವಿಶ್ವಸಂಸ್ಥೆ ಅಂದಾಜಿಸಿತು. ಆದರೂ ನೆರವು ಮೊದಲು ಹರಿದದ್ದು ರಾಜಧಾನಿಗೆ. ಫೋನಿನಲ್ಲಿ ಚಾರ್ಜ್ ಉಳಿದವರು, ಹತ್ತಿರದ ಟವರು ಬೀಳದೆ ನಿಂತವರು, ಆ ಸಂಖ್ಯೆ ಗೊತ್ತಿರುವವರು ಸಂದೇಶ ಕಳಿಸುತ್ತಾರೆ. ಎಲ್ಲವನ್ನೂ ಕಳೆದುಕೊಂಡವರಿಂದ ಚುಕ್ಕೆ ಬರುವುದಿಲ್ಲ. ‘ಇಲ್ಲಿ ತೊಂದರೆಯಿಲ್ಲ’ ಎಂಬುದೂ ‘ಇಲ್ಲಿಂದ ಸುದ್ದಿಯಿಲ್ಲ’ ಎಂಬುದೂ ನಮ್ಮ ಪರದೆಯಲ್ಲಿ ಒಂದೇ ಬಿಳಿ. ಸುದ್ದಿ ಬಾರದ ಊರಿಗೆ ಬೇರೆ ಬಣ್ಣ ಕೊಡುವುದು ಅರ್ಧ ದಿನದ ಕೆಲಸ. ಅದನ್ನು ಬಿಟ್ಟು ನಾವು ಚುಕ್ಕೆ ಮಿನುಗಿಸುವುದರಲ್ಲೇ ಮಗ್ನರು.

ಇನ್ನು ಚುಕ್ಕೆ ಬಿದ್ದ ಮೇಲಾದರೂ ಏನಾಯಿತು? ಸಮನ್ವಯ ಸಭೆಗಳು ವಿಮಾನ ನಿಲ್ದಾಣದ ಬಳಿಯ ವಿಶ್ವಸಂಸ್ಥೆಯ ನೆಲೆಯಲ್ಲಿ, ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆದವು. ಸ್ಥಳೀಯ ಸಂಘಗಳವರಿಗೆ ಆ ಗೇಟು ದಾಟುವುದೇ ಕಷ್ಟವಾಗಿತ್ತು. ನೀರು ಹಂಚುವ ಅಧಿಕಾರಿಗೆ ಬೇಕಾದದ್ದು ನಾಳೆ ಯಾವ ಶಿಬಿರಕ್ಕೆ ಎಷ್ಟು ಟ್ಯಾಂಕರು ಎಂಬ ಲೆಕ್ಕ. ‘ನಮಗೆ ನೀರಿಲ್ಲ’ ಎಂಬ ಸಾವಿರ ಬಿಡಿ ಕೂಗುಗಳನ್ನು ಆ ಲೆಕ್ಕಕ್ಕೆ ಇಳಿಸುವ ಮೇಜೊಂದು ನಡುವೆ ಇರಬೇಕು.

ಈ ವಿಷಯದಲ್ಲಿ ನನಗೆ ಮೆಚ್ಚುಗೆ ಶ್ರೀಲಂಕಾದವರ ಮೇಲೆ. 2004ರ ಸುನಾಮಿಯ ಬೆನ್ನಿಗೇ ಅಲ್ಲಿನ ಸ್ವಯಂಸೇವಕ ಎಂಜಿನಿಯರುಗಳು ಕಟ್ಟಿದ ‘ಸಹನಾ’ ತಂತ್ರಾಂಶ ಹೊರಟದ್ದು ಕಚೇರಿಯ ದಫ್ತರದಿಂದ: ಕಾಣೆಯಾದವರ ಪಟ್ಟಿ, ಶಿಬಿರಗಳ ಪಟ್ಟಿ, ಯಾವ ಸಂಸ್ಥೆ ಎಲ್ಲಿದೆ, ಯಾರಿಗೆ ಏನು ಬೇಕು. ನೋಟಕ್ಕೆ ಸಪ್ಪೆ. ಆದರೆ ಮರುವರ್ಷ ಪಾಕಿಸ್ತಾನದ ಭೂಕಂಪದಲ್ಲೂ ಅದು ಬಳಕೆಗೆ ಬಂತು.

ಮಾಹಿತಿ ಹಂಚುವುದೆಲ್ಲ ಪುಣ್ಯದ ಕೆಲಸವೆಂದೂ ಭಾವಿಸಬೇಡಿ. ಬಾಂಗ್ಲಾದೇಶದ ಶಿಬಿರಗಳಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ದಾಖಲಿಸಿಕೊಂಡಿದ್ದ ರೋಹಿಂಗ್ಯಾಗಳ ವಿವರ ಬಾಂಗ್ಲಾ ಸರ್ಕಾರದ ಮೂಲಕ ಮ್ಯಾನ್ಮಾರ್ ಸರ್ಕಾರದ ಕೈಸೇರಿದೆ ಎಂದು 2021ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ವರದಿ ಮಾಡಿತು. ಒಪ್ಪಿಗೆ ಕೇಳಿದ್ದೆವು ಎಂದಿತು ನಿರಾಶ್ರಿತರ ಸಂಸ್ಥೆ. ರೇಷನ್ನಿನ ಸಾಲಿನಲ್ಲಿ ನಿಂತವರು ‘ಒಲ್ಲೆ’ ಎನ್ನುವ ಸ್ಥಿತಿಯಲ್ಲಿರುತ್ತಾರೆಯೇ? ಯಾರ ಸೇನೆಗೆ ಹೆದರಿ ಓಡಿಬಂದರೋ ಅವರ ಕಡತಕ್ಕೇ ಹೆಸರು ಹೋಯಿತು.

ಮಧ್ಯಾಹ್ನ ಪ್ರಾತ್ಯಕ್ಷಿಕೆ ಕೊಡುವವರಲ್ಲಿ ಒಂದು ಕೋರಿಕೆ. ನಿಮ್ಮ ಪರದೆ ನೋಡಿ ಯಾವ ಹುದ್ದೆಯವರು, ಎಷ್ಟು ಹೊತ್ತಿನೊಳಗೆ, ಏನು ತೀರ್ಮಾನಿಸಬೇಕು ಎಂಬುದನ್ನು ಮೊದಲ ಸ್ಲೈಡಿನಲ್ಲೇ ಹೇಳಿಬಿಡಿ. ಸಂದೇಶ ಕಳಿಸಿದವರಿಗೆ ಮರುತ್ತರ ಹೋಗುತ್ತದೆಯೋ ಇಲ್ಲವೋ, ಅದನ್ನೂ ತಿಳಿಸಿ. ನಾನು ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ. ಹೇಳದಿದ್ದರೆ ಎದ್ದು ಕೇಳುತ್ತೇನೆ.