ನಲ್ಲಿಯೊಳಗಿನ ಹೆಬ್ಬೆರಳು

ಹಿತ್ತಲ ನಲ್ಲಿ ಬಿಟ್ಟು, ಅದರ ಬಾಯಿಗೆ ಹೆಬ್ಬೆರಳು ಒತ್ತಿ ನೀರು ನಿಲ್ಲಿಸಲು ನೋಡಿದ್ದೀರಾ? ನೋಡಿಯೇ ಇರುತ್ತೀರಿ. ಸ್ವಲ್ಪ ಹೊತ್ತು ತಡೆಯಬಹುದು. ಬೆರಳು ಚೂರು ಸರಿದರೆ ಸಾಕು, ನೀರು ಚಿಮ್ಮಿ ಅಂಗಿಯೆಲ್ಲ ಒದ್ದೆ, ಒಳಗಿನಿಂದ ಅಮ್ಮನ ಕೂಗು! ನಿಮ್ಮ ಬೆರಳನ್ನು ತಳ್ಳಿದ್ದು ಮಹಡಿ ಮೇಲಿನ ಟ್ಯಾಂಕಿನ ನೀರು. ಟ್ಯಾಂಕಿನ ನೀರು ನಲ್ಲಿಗಿಂತ 10 ಮೀಟರ್ ಎತ್ತರದಲ್ಲಿದ್ದರೆ, ಒಂದೊಂದು ಚದರ ಸೆಂಟಿಮೀಟರ್ ಜಾಗವನ್ನೂ ಅದು ಸುಮಾರು 1 ಕಿಲೋ ತೂಕದಷ್ಟು ಒತ್ತುತ್ತದೆ, ಹಗಲೂ ರಾತ್ರಿ. ಬೆರಳಿಗೆ ದಣಿವಾಗುತ್ತದೆ, ನೀರಿಗೆ ಆಗುವುದಿಲ್ಲ.

ಹಳೇ ಹಿತ್ತಾಳೆ ನಲ್ಲಿಯ ಒಳಗೆ ದಣಿಯದ ಹೆಬ್ಬೆರಳೊಂದು ಕೂತಿದೆ. ಪ್ಲಂಬರ್ ಬಂದಾಗ ಪಕ್ಕದಲ್ಲೇ ಕೂತು ನೋಡಿ. ಮೊದಲು ಅವರು ಮಹಡಿಗೆ ಹೋಗಿ ಟ್ಯಾಂಕಿನ ವಾಲ್ವ್ ಮುಚ್ಚಿ ಬರುತ್ತಾರೆ. ಆಮೇಲೆ ಸ್ಪ್ಯಾನರ್ ಹಾಕಿ ನಲ್ಲಿಯ ತಲೆ ಬಿಚ್ಚಿದರೆ ತಿರುಪು ಕೊರೆದ ಕಡ್ಡಿಯೊಂದು ಹೊರಗೆ ಬರುತ್ತದೆ. ಅದು ಸ್ಪಿಂಡಲ್. ಅದರ ತುದಿಯಲ್ಲೊಂದು ಪುಟ್ಟ ರಬ್ಬರ್ ಬಿಲ್ಲೆ, ಅದು ವಾಷರ್. ನಲ್ಲಿಯ ಹೊಟ್ಟೆಯೊಳಗೆ ಇಣುಕಿದರೆ ನೀರು ಬರುವ ದುಂಡು ತೂತು ಕಾಣುತ್ತದೆ. ಹಿಡಿ ತಿರುಗಿಸಿದಂತೆಲ್ಲ ವಾಷರ್ ಕೆಳಗಿಳಿದು ಆ ತೂತಿನ ಅಂಚಿನ ಮೇಲೆ ಗಟ್ಟಿಯಾಗಿ ಕೂರುತ್ತದೆ.

ಇಲ್ಲಿ ನನಗೆ ತುಂಬಾ ಇಷ್ಟವಾಗುವುದು ತಿರುಪು. ನಿಮ್ಮ ಕೈ ಒಂದು ಸುತ್ತು ಪೂರ್ತಿ ತಿರುಗಿದರೂ ವಾಷರ್ ಇಳಿಯುವುದು ಕೆಲವೇ ಮಿಲಿಮೀಟರ್. ಕೈ ಹೆಚ್ಚು ದೂರ ಹೋಗಿದ್ದಕ್ಕೆ ಪ್ರತಿಯಾಗಿ ತಿರುಪು ಬಲವನ್ನು ಹೆಚ್ಚಿಸಿ ಕೊಡುತ್ತದೆ. ಪಂಕ್ಚರ್ ಆದ ಕಾರನ್ನು ಒಬ್ಬರೇ ಜ್ಯಾಕ್ ತಿರುಗಿಸಿ ಎತ್ತುತ್ತಾರಲ್ಲ, ಅದೂ ಇದೇ ಉಪಾಯ.

ವಾಷರ್ ರಬ್ಬರಿನದು, ಒತ್ತಿ ಒತ್ತಿ ಸವೆಯುತ್ತದೆ. ಆಗ ತೊಟ್ ತೊಟ್ ಎಂದು ಹನಿ ಶುರು. ನಾವು ಇನ್ನಷ್ಟು ಬಿಗಿ ಮಾಡುತ್ತೇವೆ, ಪಾಪ, ರಬ್ಬರ್ ಇನ್ನಷ್ಟು ಹರಿಯುತ್ತದೆ. ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ 86,400 ಹನಿ. 20 ಹನಿಗೆ ಸುಮಾರು 1 ಮಿಲಿಲೀಟರ್ ಎಂದು ಹಿಡಿದು ಲೆಕ್ಕ ಹಾಕಿ, 4 ಲೀಟರ್ ದಾಟುತ್ತದೆ! ಹೊಸ ವಾಷರ್ ಹಾಕಿದರೆ ಸಾಮಾನ್ಯವಾಗಿ ನಲ್ಲಿ ಮತ್ತೆ ಸರಿಹೋಗುತ್ತದೆ.

ಈ ತಿರುಪಿನ ನಲ್ಲಿ ಇಂಗ್ಲೆಂಡಿನ ರಾದರಮ್ ಊರಿನಲ್ಲಿ 1845ರಲ್ಲಿ ಪೇಟೆಂಟ್ ಪಡೆಯಿತು. ಅದಕ್ಕೂ ಎಷ್ಟೋ ಮೊದಲಿನದು ಬಿರಡೆ ನಲ್ಲಿ. ರೋಮನ್ನರ ಕಾಲದ ಕಂಚಿನ ಬಿರಡೆ ನಲ್ಲಿಗಳು ಇಂದಿಗೂ ಉಳಿದಿವೆ. ಬಿರಡೆಗೆ ಅಡ್ಡಲಾಗಿ ಒಂದು ತೂತು. ತೂತು ಕೊಳವೆಯ ನೇರಕ್ಕೆ ಬಂದರೆ ನೀರು ಹರಿಯುತ್ತದೆ, ಪಕ್ಕಕ್ಕೆ ತಿರುಗಿದರೆ ನಿಲ್ಲುತ್ತದೆ. ಅದು ನೀರಿಗೆ ಎದುರು ನಿಂತು ತಳ್ಳುವುದಿಲ್ಲ, ದಾರಿಯನ್ನೇ ಮರೆ ಮಾಡುತ್ತದೆ. ಆದರೆ ಅದನ್ನು ಥಟ್ಟನೆ ಮುಚ್ಚಬಹುದು. ಓಡುತ್ತಿದ್ದ ನೀರು ಒಮ್ಮೆಲೇ ನಿಂತರೆ, ಬ್ರೇಕ್ ಹಾಕಿದ ಬಸ್ಸಿನಲ್ಲಿ ನಾವು ಮುಂದಕ್ಕೆ ಮುಗ್ಗರಿಸುವ ಹಾಗೆ ಅದೂ ಮುಗ್ಗರಿಸಿ ಕೊಳವೆಗೆ ಗುದ್ದುತ್ತದೆ. ತಿರುಪಿನ ನಲ್ಲಿ ನಿಧಾನವಾಗಿ ಮುಚ್ಚುವುದರಿಂದ ಕೊಳವೆಗಳು ಬದುಕಿದವು.

ಈಗಿನ ಹೊಸ ಮನೆಗಳ ಕಾಲು ಸುತ್ತಿನ ನಲ್ಲಿ ನೋಡಿ. ಒಳಗೆ ಎರಡು ಪಿಂಗಾಣಿ ಬಿಲ್ಲೆ ಒಂದರ ಮೇಲೊಂದು ಕೂತಿರುತ್ತವೆ, ಎರಡರಲ್ಲೂ ಕಿಂಡಿ. ಕಿಂಡಿಗೆ ಕಿಂಡಿ ಕೂಡಿದರೆ ನೀರು, ತಪ್ಪಿದರೆ ಇಲ್ಲ. ಬಿರಡೆಯ ಹಳೇ ಉಪಾಯವೇ ಹೊಸ ವೇಷದಲ್ಲಿ ಬಂದಿದೆ! ಈ ಬಿಲ್ಲೆಗಳನ್ನು ಹೆಚ್ಚಾಗಿ ಅಲ್ಯೂಮಿನಾದಿಂದ ಮಾಡುತ್ತಾರೆ. ಮಾಣಿಕ್ಯ, ನೀಲಮಣಿಗಳೂ ಮೂಲದಲ್ಲಿ ಅದೇ ವಸ್ತು, ಅಷ್ಟು ಗಟ್ಟಿ. ಹನಿ ನೀರೂ ನುಸುಳದಷ್ಟು ಅವನ್ನು ಉಜ್ಜಿ ಸಮತಟ್ಟು ಮಾಡಿರುತ್ತಾರೆ. ಒಂದೇ ಹಿಡಿಯಲ್ಲಿ ಬಿಸಿನೀರು, ತಣ್ಣೀರು ಬೆರೆಸುವ ಈಗಿನ ಬಹುಪಾಲು ನಲ್ಲಿಗಳಲ್ಲೂ ಇಂಥವೇ ಬಿಲ್ಲೆಗಳು. ಹಿಡಿ ಮೇಲಕ್ಕೆತ್ತಿದರೆ ನೀರು ಹೆಚ್ಚು, ಪಕ್ಕಕ್ಕೆ ತಿರುಗಿಸಿದರೆ ಬಿಸಿಯ ಪಾಲು ಹೆಚ್ಚು ಕಡಿಮೆ. ಒಂದೇ ಹಿಡಿಯ ನಲ್ಲಿಯ ಯೋಚನೆ ಅಮೆರಿಕದ ಆಲ್ ಮೋಯೆನ್‌ಗೆ 1937ರಲ್ಲಿ ಹೊಳೆದದ್ದು, ಕೈ ತೊಳೆಯುವಾಗ ಬಿಸಿನೀರು ಸುಟ್ಟಾಗ.

ಕಾಲು ಸುತ್ತಿನ ನಲ್ಲಿ ಮನೆಯಲ್ಲಿದ್ದರೆ, ದೊಡ್ಡವರನ್ನು ಕೇಳಿ ಒಂದೇ ಸಲ ಅದನ್ನು ಥಟ್ಟನೆ ಮುಚ್ಚಿಸಿ, ಗೋಡೆಗೆ ಕಿವಿ ಕೊಡಿ. ಒಮ್ಮೊಮ್ಮೆ ಒಳಗಿನಿಂದ ಧಡ್ ಎಂದು ಕೇಳುತ್ತದೆ. ಬಿರಡೆ ನಲ್ಲಿಯ ಕಾಲದಲ್ಲಿ ಕೊಳವೆಗೆ ಬೀಳುತ್ತಿದ್ದ ಅದೇ ಗುದ್ದು!