ಹೃದಯಚಿಕಿತ್ಸೆಯಲ್ಲಿ ಮಿದುಳಿನ ಕಾವಲು



1953ರಲ್ಲಿ ಫಿಲಡೆಲ್ಫಿಯಾದ ಜಾನ್ ಗಿಬ್ಬನ್ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಹೃದಯವನ್ನು ತೆರೆದು ಸರಿಪಡಿಸಿದಂದಿನಿಂದಲೂ, 1967ರಲ್ಲಿ ಅರ್ಜೆಂಟೀನದ ರೆನೆ ಫವಲೋರೊ ಕ್ಲೀವ್‌ಲೆಂಡಿನಲ್ಲಿ ಕಾಲಿನ ಸಿರೆಯಿಂದ ಹೃದಯಕ್ಕೆ ಬದಲಿ ದಾರಿ ಕಟ್ಟಿದಂದಿನಿಂದಲೂ, ಈ ವಿದ್ಯೆ ಬೆಳೆದ ಪರಿ ವಿಸ್ಮಯಕರವೆಂಬುದರಲ್ಲಿ ಎರಡು ಮಾತಿಲ್ಲ. ಆದರೂ ಹೃದಯವು ಸೊಗಸಾಗಿ ಮಿಡಿಯುತ್ತಿರುವಾಗಲೇ ರೋಗಿಯ ಬಲಗೈ ಜೋಲುಬಿದ್ದು ನಾಲಗೆ ತೊದಲುವ ದಾರುಣ ಪ್ರಸಂಗವು ನೂರಕ್ಕೆ ಒಬ್ಬಿಬ್ಬರಲ್ಲಿ, ವಯೋವೃದ್ಧರಲ್ಲಿಯೂ ಹಿಂದೊಮ್ಮೆ ಲಕ್ವ ಹೊಡೆದವರಲ್ಲಿಯೂ ಇನ್ನೂ ಹೆಚ್ಚಾಗಿ, ಇಂದಿಗೂ ಒದಗುತ್ತಲಿದೆ.

ಈ ಅನರ್ಥಕ್ಕೆಲ್ಲ ಯಂತ್ರವನ್ನೇ ದೂಷಿಸುವ ವಾಡಿಕೆ ನಮ್ಮಲ್ಲುಂಟು. ಆದರೆ ಅಮೆರಿಕದ 24 ಆಸ್ಪತ್ರೆಗಳ 2,108 ರೋಗಿಗಳನ್ನು ಪರಿಶೀಲಿಸಿ 1996ರಲ್ಲಿ ಪ್ರಕಟವಾದ ಅಧ್ಯಯನವು, ಮಿದುಳಿನ ಘೋರಹಾನಿಯ ಅತ್ಯಂತ ಪ್ರಬಲ ಮುನ್ಸೂಚನೆ ಮಹಾಧಮನಿಯ ಮೂಲಭಾಗದಲ್ಲಿ ಮೆತ್ತಿಕೊಂಡ ಕೊಬ್ಬಿನ ಪದರವೆಂದು ತೋರಿಸಿತು. ಅಲ್ಲಿ ಕ್ಲಾಂಪ್ ಹಾಕುವಾಗ, ತೆಗೆಯುವಾಗ, ಕೊಳವೆಯನ್ನು ತೂರಿಸುವಾಗ ಆ ಪದರದ ಚೂರೊಂದು ಕಳಚಿ ರಕ್ತದೊಡನೆ ಕತ್ತನ್ನೇರಿದರೆ ಸಾಕು. ಶಸ್ತ್ರವೈದ್ಯನ ಬೆರಳು ಎಷ್ಟೇ ಪಳಗಿದ್ದಾದರೂ ಸುಣ್ಣಗಟ್ಟಿದ ಗಂಟನ್ನು ಮುಟ್ಟಿ ಅರಿತೀತೇ ಹೊರತು ಮೆದುವಾದ ಪದರವನ್ನು ಅರಿಯಲಾರದು. ಸುಲಭವಾಗಿ ಕಳಚುವುದೋ ಈ ಮೆದುವಾದುದೇ! ಆದಕಾರಣ ಎದೆ ತೆರೆದೊಡನೆ ಮಹಾಧಮನಿಯ ಮೇಲೆಯೇ ಅಲ್ಟ್ರಾಸೌಂಡ್ ಇರಿಸಿ ನೋಡುವುದು ಕೆಲವೇ ನಿಮಿಷಗಳ ಕೆಲಸವಾಗಿಯೂ ನಮ್ಮ ನಿತ್ಯವಿಧಿಯಾಗದಿರುವುದು ನನಗೆ ವಿಷಾದದ ಸಂಗತಿ. ಧಮನಿ ಕೆಟ್ಟಿದೆಯೆಂದು ಕಂಡಲ್ಲಿ, ಯಂತ್ರವಿಲ್ಲದೆ, ಎದೆಗೂಡಿನ ಒಳಧಮನಿಗಳನ್ನೇ ಬಳಸಿ, ಮಹಾಧಮನಿಯನ್ನು ಮುಟ್ಟದೆಯೇ ಕಾರ್ಯ ಪೂರೈಸುವ ಮಾರ್ಗವೂ ಇದೆ; ಪಳಗಿದ ಕೈ ಬೇಡುವ ಮಾರ್ಗವದು, ಎಲ್ಲರಿಗೂ ಸಾಧ್ಯವೆಂದು ನಾನು ಹೇಳೆನು.

ಇದಿಷ್ಟು ಶಸ್ತ್ರಾಗಾರದ ಮಾತು. ಇನ್ನು ರೋಗಿಯು ಎಚ್ಚೆತ್ತು, ಮಕ್ಕಳೊಡನೆ ಮಾತಾಡಿ, ಕಾಫಿ ಕುಡಿದು, ಎಲ್ಲವೂ ಸುಗಮವೆಂದು ನಾವು ನಿಶ್ಚಿಂತರಾದ ಎರಡನೆಯ ಮೂರನೆಯ ದಿನದಲ್ಲಿ, ಹೃತ್ಕರ್ಣ ಲಯತಪ್ಪಿ ಕಂಪಿಸತೊಡಗಿ, ಅಲ್ಲಿ ಹೆಪ್ಪುಗಟ್ಟಿದ ರಕ್ತವು ಮಿದುಳಿಗೆ ಹರಿಯುವುದುಂಟು. "ಸಿಸ್ಟರ್, ಅಪ್ಪ ಯಾಕೋ ಮಾತು ಹುಡುಕ್ತಾ ಇದ್ದಾರೆ" ಎಂದು ಮಗಳು ಹೇಳುತ್ತಾಳೆ. "ಅನಸ್ತೇಷಿಯದ ಮಂಪರು, ಇಳಿಯುತ್ತೆ ಬಿಡಿ" ಎಂಬ ಉತ್ತರ ಬರುತ್ತದೆ. ಮಾನಿಟರಿನಲ್ಲಿ ನಾಡಿ, ರಕ್ತದೊತ್ತಡ, ಆಮ್ಲಜನಕಗಳೆಲ್ಲವೂ ಮಿನುಗುತ್ತಿರಲು, ಮಾತನ್ನು ಅಳೆಯುವ ಗೆರೆಯೊಂದು ಅದರಲ್ಲಿಲ್ಲ. ಹಸಿಗಾಯದ ದೆಸೆಯಿಂದ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಕೊಡಲಾಗದು. ದೊಡ್ಡ ನಾಳ ಮುಚ್ಚಿದ್ದರೆ ಕ್ಯಾತಿಟರಿನಿಂದ ಹೆಪ್ಪನ್ನು ಎಳೆದು ತೆಗೆಯಬಹುದು, ಆದರೆ ಹೊತ್ತು ಮೀರುವ ಮುನ್ನ.

ಪಾಳಿ ಬದಲಾದಾಗಲೆಲ್ಲ ರೋಗಿಯಿಂದ ಎರಡು ಕೈಗಳನ್ನೂ ಎತ್ತಿಸಿ, ಹೆಸರು ಹೇಳಿಸಿ, ಕಂಡದ್ದನ್ನು ಗಂಟೆ ಸಹಿತ ಬರೆದಿಡುವುದು ಯಾರ ಹೊಣೆ, ಕೈ ಏಳದಿದ್ದರೆ ರಾತ್ರಿ ಎರಡು ಗಂಟೆಗೆ ಸಿ.ಟಿ. ಕೊಠಡಿಯವರಿಗೂ ನರರೋಗತಜ್ಞರಿಗೂ ಫೋನ್ ಮಾಡಬೇಕಾದವರು ಯಾರು ಎಂಬ ಪ್ರಶ್ನೆಯಿಂದಲೇ ಈ ಸಮ್ಮೇಳನದ ಮೊದಲ ಗೋಷ್ಠಿಯು ಆರಂಭವಾಗಲೆಂದು ಸಂಘಟಕರಲ್ಲಿ ವಿನಂತಿಸುತ್ತೇನೆ.